ಲೇಖಕರ ಪತ್ರ ಕಿರುಚಿತ್ರವಾಗಬೇಕೆ? ಮೊದಲು ಹಕ್ಕು, ಆಮೇಲೆ ಕ್ಯಾಮೆರಾ

ದಾವಣಗೆರೆಯ ಸರಸ್ವತಿ ನಗರದ ನಿಮ್ಮ ಮನೆಯಲ್ಲಿ, ಲೇಖಕರೊಬ್ಬರು ನಿಮ್ಮ ಅಜ್ಜನಿಗೆ ಬರೆದ ಇನ್‌ಲ್ಯಾಂಡ್ ಪತ್ರವಿದೆ ಎಂದುಕೊಳ್ಳಿ. ಅದನ್ನು ಕಿರುಚಿತ್ರ ಮಾಡುವ ಆಸೆ ನಿಮಗೆ. ‘ಪತ್ರ ನಮ್ಮದೇ ಅಲ್ಲವೇ?’ ಎನ್ನಬಹುದು. ಕಾಗದವೇನೋ ನಿಮ್ಮದು. ಬರಹದ ಕಾಪಿರೈಟ್, ಅಂದರೆ ಕೃತಿಸ್ವಾಮ್ಯ, ಬರೆದವರದು. ಅವರ ಕಾಲಾನಂತರ ವಾರಸುದಾರರದು.

ಈ ಹಕ್ಕು ಎಷ್ಟು ಕಾಲ? 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮೇಲೂ 60 ವರ್ಷ ರಕ್ಷಣೆಯಿದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಅಂಥ ಬರಹಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಪತ್ರಗಳು ಸಾಮಾನ್ಯವಾಗಿ ಅಚ್ಚಾಗುವುದು ಲೇಖಕರ ನಂತರ. ಆಗ 60 ವರ್ಷದ ಲೆಕ್ಕ ಪ್ರಕಟಣೆಯಿಂದ ಶುರು. ಆದ್ದರಿಂದ ಪತ್ರ ಹಳೆಯದೆಂದು ಅನುಮತಿ ಕೇಳುವುದನ್ನು ಬಿಡಬೇಡಿ.

ಅನುಮತಿ ಬರಹದಲ್ಲಿರಲಿ, ಸಹಿ ಇರಲಿ. ಹಕ್ಕನ್ನು ನಿಮಗೆ ವರ್ಗಾಯಿಸುವ ಪತ್ರವಾದರೆ ಅವಧಿಯನ್ನೂ ಪ್ರದೇಶವನ್ನೂ ಬರೆಸಿ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಯೂಟ್ಯೂಬ್‌ಗೆ ಹಾಕುವವರು ‘ಇಡೀ ಜಗತ್ತಿಗೆ’ ಎಂದೇ ಬರೆಸಿಕೊಳ್ಳಿ.

ಇನ್ನು ಸ್ಕ್ರಿಪ್ಟ್, ಅಂದರೆ ಚಿತ್ರಕಥೆ. ಪತ್ರದ ಪ್ರತಿ ಸಾಲನ್ನೂ ವಾಯ್ಸ್ ಓವರ್‌ನಲ್ಲಿ (ಹಿನ್ನೆಲೆ ದನಿ) ಓದಿಸಬೇಡಿ. ‘ಹಣ ಮುಟ್ಟಿತು’ ಎಂದಿದ್ದರೆ, ಪೋಸ್ಟ್‌ಮ್ಯಾನ್ ಮನಿಯಾರ್ಡರ್ ಫಾರಂ ಮೇಲೆ ಲೇಖಕರ ಸಹಿ ಹಾಕಿಸಿಕೊಳ್ಳುವುದನ್ನು ತೋರಿಸಿ. ಆ ಸಾಲು ಓದುವುದೇ ಬೇಡ. ಇನ್ನೊಂದು ದಾರಿಯೂ ಇದೆ. ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ ‘ನ್ಯೂಸ್ ಫ್ರಮ್ ಹೋಮ್’ ಚಿತ್ರದಲ್ಲಿ ತಾಯಿಯ ಪತ್ರಗಳನ್ನು ತಾವೇ ಓದಿದರು. ತೆರೆಯ ಮೇಲೆ ಕಾಣುವುದು ಬರೀ ನ್ಯೂಯಾರ್ಕ್ ನಗರ. ದಾವಣಗೆರೆಯ ಕುಂದವಾಡ ಕೆರೆ, ಹರಿಹರದ ತುಂಗಭದ್ರೆಯ ದಂಡೆ ನಿಮಗೂ ಹಾಗೆ ಒದಗಬಹುದು. ಹರಿಹರೇಶ್ವರ ದೇವಾಲಯದೊಳಗೆ ಚಿತ್ರೀಕರಿಸುವುದಾದರೆ ಪುರಾತತ್ವ ಇಲಾಖೆಯನ್ನು ಮೊದಲೇ ಕೇಳಿ.

ಖರ್ಚು? ಮೊಬೈಲ್ ಕ್ಯಾಮೆರಾ ಸಾಕು. ಹಣವಿದ್ದರೆ ಒಳ್ಳೆಯ ಮೈಕಿಗೆ ಹಾಕಿ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಬೇಕೆಂದರೆ ಚಿತ್ರಕಥೆಗೆ 500 ರೂಪಾಯಿ, ಚಿತ್ರಕ್ಕೆ 5,000 ರೂಪಾಯಿ ಶುಲ್ಕ. ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಚಿತ್ರಮಂದಿರದಲ್ಲಿ ತೋರಿಸಲು ಸೆನ್ಸಾರ್ ಪ್ರಮಾಣಪತ್ರ ಬೇಕು. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ.

ಪತ್ರದಲ್ಲಿ ಬದುಕಿರುವವರ ಖಾಸಗಿ ಸಂಗತಿ ಇದ್ದರೆ ಅವರನ್ನೂ ಕೇಳಿ. ಅವರು ಬೇಡವೆಂದರೆ ಆ ಭಾಗ ಕೈಬಿಡಿ.