ಬೇಗೂರಿನ ಬಂಟರು: ಬೆಂಗಳೂರಿನ ಹೆಸರು ಮೊದಲು ಕೆತ್ತಿದ್ದು ಯೋಧರಿಗಾಗಿ!

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯತ್ತ ದಿನವೂ ಓಡುವವರೇ, ಒಂದು ದಿನ ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿ! ಅಪಾರ್ಟ್‌ಮೆಂಟುಗಳ ಸಾಲು ದಾಟಿದರೆ ಬೇಗೂರು. ಅಲ್ಲಿನ ಪಂಚಲಿಂಗ ನಾಗೇಶ್ವರನ ಗುಡಿಯ ಆವರಣದಲ್ಲಿ ಸಿಕ್ಕ ಒಂದು ಕಲ್ಲು ನಮ್ಮ ನಗರದ ಚರಿತ್ರೆಯನ್ನೇ ಹಿಂದಕ್ಕೆ ತಳ್ಳಿಬಿಟ್ಟಿದೆ.

ಕ್ರಿ.ಶ. ಸುಮಾರು 890ರ ಹಳಗನ್ನಡ ಶಾಸನ ಅದು. ಅದರಲ್ಲಿ ಸ್ಪಷ್ಟವಾಗಿ 'ಬೆಂಗಳೂರಿನ ಕಾಳಗ'ದ ಪ್ರಸ್ತಾಪವಿದೆ! ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ ಎನ್ನುತ್ತೇವಲ್ಲ, ಅದಕ್ಕೂ ಸುಮಾರು ಆರೂವರೆ ಶತಮಾನ ಮೊದಲೇ ಬೆಂಗಳೂರೆಂಬ ಊರಿತ್ತು, ಅಲ್ಲೊಂದು ಯುದ್ಧವೂ ನಡೆದಿತ್ತು. ಇಷ್ಟಕ್ಕೂ ಅದನ್ನು ಕೆತ್ತಿಸಿದ್ದು ಯಾವ ದೊರೆಯ ಹೊಗಳಿಕೆಗೂ ಅಲ್ಲ. ಗಂಗರ ಕೈಕೆಳಗೆ ಈ ನಾಡನ್ನಾಳುತ್ತಿದ್ದ ನಾಗತ್ತರನ ಕಡೆಯವರು ಆ ಕಾಳಗದಲ್ಲಿ ಮಡಿದದ್ದನ್ನು ನೆನೆಯಲು. ನಾಗತ್ತರನ ಮಗ ಬುಟ್ಟಣಪತಿಯ ಜೊತೆಗೆ ಮನೆಯ ಸೇವಕ ಪೆರ್ವೋಣ ಶೆಟ್ಟಿಯ ಹೆಸರೂ ಅದೇ ಕಲ್ಲಿನಲ್ಲಿದೆ. ಒಡೆಯನ ಮಗನಿಗೂ ಮನೆಯಾಳಿಗೂ ಒಂದೇ ಕಲ್ಲು!

ನಾಗತ್ತರನ ಕಥೆ ಇನ್ನೂ ರೋಮಾಂಚಕ. ಗಂಗ ದೊರೆ ಎರೆಯಪ್ಪನ ಆಣತಿಯಂತೆ ಆತ ವೀರಮಹೇಂದ್ರನೆಂಬ ಎದುರಾಳಿಯ ವಿರುದ್ಧ ತುಂಬೆಪಾಡಿಯ ರಣರಂಗಕ್ಕೆ ನಡೆದ. ಆನೆಗಳಿಗೇ ಎದುರಾಗಿ ಇರಿದು ಸತ್ತ. ಸುದ್ದಿ ಕೇಳಿದ ದೊರೆ, ಇರುಗ ಎಂಬಾತನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು-ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಅಂದರೆ ವೀರನ ನೆನಪಿನ ಭೂದಾನವಾಗಿ ಕೊಟ್ಟ. ಆ ಬೆಂಪೂರೇ ಇಂದಿನ ಬೇಗೂರು. ಇದನ್ನೆಲ್ಲ ಹೇಳುವ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತಿರ ಹೋಗಿ ನೋಡಿ: ಮುನ್ನುಗ್ಗುವ ಆನೆ, ಕುದುರೆ, ಕಾಲಾಳುಗಳ ನೂಕುನುಗ್ಗಲು. ಒಂದೇ ಚಪ್ಪಡಿಯಲ್ಲಿ ಇಡೀ ರಣರಂಗ! ಸಾವಿರ ವರ್ಷ ಕಳೆದರೂ ಉಳಿಯ ಬಿರುಸು ಆರಿಲ್ಲ.

ಇನ್ನು ಗುಡಿ! ನಾಗೇಶ್ವರ, ನಗರೇಶ್ವರ ಗುಡಿಗಳು ಗಂಗರ ಕಾಲದವು. ಉಳಿದವು ಚೋಳರ ಕಾಲದಲ್ಲಿ ಸೇರಿದವು ಎನ್ನುತ್ತಾರೆ ವಿದ್ವಾಂಸರು. ನಾಗೇಶ್ವರನ ಮಹಾಮಂಟಪದಲ್ಲಿ ನಿಂತು ಕತ್ತೆತ್ತಿ. ಛಾವಣಿಯ ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ಒಬ್ಬೊಬ್ಬರೂ ತಂತಮ್ಮ ವಾಹನವೇರಿ! ನಾಗತ್ತರನ ಬಂಟರು ಕಂಡಿರಬಹುದಾದ ಮಂಟಪದಡಿ ನಾವೂ ನಿಲ್ಲಬಹುದು ಎಂಬುದೇ ಮೈ ಜುಮ್ಮೆನಿಸುವ ಸಂಗತಿ.

ಬೆಂಗಳೂರಿನ ಕಾಳಗವನ್ನು ಹೇಳುವ ಆ ಶಾಸನವನ್ನು ಪತ್ತೆಹಚ್ಚಿ ಲೋಕದ ಮುಂದಿಟ್ಟವರು ವಿದ್ವಾಂಸ ಆರ್. ನರಸಿಂಹಾಚಾರ್ಯರು. ಈಗ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯ ತಂಡ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ, ಬರಿಗಣ್ಣಿಗೆ ಕಾಣದೆ ಮಾಸಿದ ಅಕ್ಷರಗಳನ್ನೂ ಓದಿ ಉಳಿಸುತ್ತಿದೆ. ಐಟಿ ಊರಿನ ತಂತ್ರಜ್ಞಾನ ಊರಿನ ಮೊದಲ ಯೋಧರ ನೆನಪಿಗೆ ಕಾವಲು ನಿಂತಿದೆ!

ಆದರೆ ಯಂತ್ರವೊಂದೇ ಸಾಲದು. ನಗರ ಬೆಳೆದಂತೆಲ್ಲ ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ, ರಸ್ತೆ ಅಗಲಿಸುವ ಕಡೆಯಲ್ಲಿ ವೀರಗಲ್ಲುಗಳು ಕಳೆದುಹೋಗುತ್ತವೆ. ನಿಮ್ಮ ಬಡಾವಣೆಯಲ್ಲಿ ಅಂಥ ಕಲ್ಲು ಕಂಡರೆ ಬಣ್ಣ ಬಳಿಯಬೇಡಿ, ಕಾಂಕ್ರೀಟಿಗೆ ಹೂಳಲು ಬಿಡಬೇಡಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬೇಗೂರಿಗೆ ಹೋಗಿ ಬನ್ನಿ.