ಅಡಿಕೆ ಧಾರಣೆಯನ್ನು ಪುಟಕ್ಕೆ ತಂದ ಫೀಡು

ಶಿವಮೊಗ್ಗದಲ್ಲಿ ರಾಶಿ ಎಷ್ಟಕ್ಕೆ ನಿಂತಿತು, ಬೆಟ್ಟೆ ಏರಿತೋ ಇಳಿಯಿತೋ, ಶಿರಸಿಯಲ್ಲಿ ಚಾಲಿ ಕೇಳುವವರಿದ್ದಾರೋ ಇಲ್ಲವೋ? ಮಲೆನಾಡಿನ ಬೆಳೆಗಾರ ಈಗ ಅಡಿಕೆಯ ಈ ಬಗೆಗಳ ದರವನ್ನು ಮೊಬೈಲಿನಲ್ಲೇ ನೋಡಿಕೊಳ್ಳುತ್ತಾನೆ. ಧಾರಣೆ ತೋರಿಸುವ ತಾಣಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವನ್ನು ನಡೆಸುವವರು ಒಬ್ಬಿಬ್ಬರೇ. ಅಷ್ಟು ಮಾರುಕಟ್ಟೆ, ಅಷ್ಟು ಬಗೆ, ಕನಿಷ್ಠ, ಗರಿಷ್ಠ ದರಗಳನ್ನೆಲ್ಲ ಕೂತು ಟೈಪ್ ಮಾಡಲು ಅವರಿಗೆ ದಿನ ಸಾಲದು, ಮಾಡುವ ಅಗತ್ಯವೂ ಇಲ್ಲ. ಅಂಕಿಗಳು ಬೇರೆ ಕಡೆಯಿಂದ ಫೀಡಾಗಿ, ಅಂದರೆ ಯಂತ್ರ ಓದಬಲ್ಲ ಕಡತವಾಗಿ ಬರುತ್ತವೆ, ತಾಣದೊಳಗಿನ ಪ್ಲಗಿನ್ ಅವನ್ನು ಬಿಡಿಸಿ ಒಂದೊಂದು ಸಾಲನ್ನೂ ಒಂದೊಂದು ಬರಹವಾಗಿ ಮಾಡುತ್ತದೆ.

ಈ ಏರ್ಪಾಡು ರೂಪುಗೊಳ್ಳಲು ಎರಡು ದಶಕ ಬೇಕಾಯಿತು. ಅದರ ಮೊದಲ ಪುಟಗಳಲ್ಲೇ ನಮ್ಮ ದೇಶದವರೊಬ್ಬರ ಹೆಸರಿದೆ.

ರಾಮನಾಥನ್ ವಿ. ಗುಹಾ ಮದ್ರಾಸ್ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1995ರ ಹೊತ್ತಿಗೆ ಆಪಲ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದರು. ಒಂದು ತಾಣದಲ್ಲಿ ಏನೇನಿದೆ ಎಂಬುದನ್ನು ಮನುಷ್ಯರು ಮಾತ್ರವಲ್ಲ, ಯಂತ್ರವೂ ಓದಿ ತಿಳಿಯುವಂತೆ ಬರೆದಿಡಬೇಕು ಎಂಬುದು ಅವರ ಯೋಚನೆ. ಅದಕ್ಕಾಗಿ ಅವರು ಕಟ್ಟಿದ ವ್ಯವಸ್ಥೆಯ ಹೆಸರು ಮೆಟಾ ಕಂಟೆಂಟ್ ಫ್ರೇಮ್‌ವರ್ಕ್. 1997ರಲ್ಲಿ ಗುಹಾ ಬ್ರೌಸರ್ ಕಂಪನಿಯಾದ ನೆಟ್‌ಸ್ಕೇಪ್ ಸೇರಿದರು. ಎಕ್ಸ್‌ಎಂಎಲ್ ಎಂಬ ಗುರುತು ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಟಿಮ್ ಬ್ರೇ ಜೊತೆ ಸೇರಿ ತಮ್ಮ ಯೋಚನೆಯನ್ನು ಎಕ್ಸ್‌ಎಂಎಲ್‌ನ ಅಚ್ಚಿಗೆ ತಂದರು. ಆರ್‌ಡಿಎಫ್ ಎಂಬ ಮಾನಕಕ್ಕೆ ಅಲ್ಲಿಂದ ದಾರಿಯಾಯಿತು.

ನೆಟ್‌ಸ್ಕೇಪ್ ಆಗ 'ಮೈ ನೆಟ್‌ಸ್ಕೇಪ್' ಎಂಬ ಮುಖಪುಟ ನಡೆಸುತ್ತಿತ್ತು. ಓದುಗ ತನಗೆ ಬೇಕಾದ ತಾಣಗಳ ಸುದ್ದಿಯನ್ನು ಒಂದೇ ಪುಟದಲ್ಲಿ ಜೋಡಿಸಿಕೊಳ್ಳಬೇಕು, ತಾಣದವರು ಒಂದು ಸಣ್ಣ ಕಡತ ಇಟ್ಟರೆ ಸಾಕು, ಉಳಿದದ್ದು ನೆಟ್‌ಸ್ಕೇಪ್ ನೋಡಿಕೊಳ್ಳುತ್ತದೆ ಎಂಬುದು ಅದರ ಉದ್ದೇಶ. ಆ ಕಡತಕ್ಕಾಗಿ 1999ರ ಮಾರ್ಚಿನಲ್ಲಿ ಡ್ಯಾನ್ ಲಿಬಿ ಮತ್ತು ಗುಹಾ ಆರ್‌ಎಸ್‌ಎಸ್ ಎಂಬ ಮಾದರಿಯ ಮೊದಲ ಆವೃತ್ತಿ ರಚಿಸಿದರು. ಜುಲೈನಲ್ಲಿ ಲಿಬಿ ಅದನ್ನು ಇನ್ನಷ್ಟು ಸರಳಗೊಳಿಸಿ 0.91 ಎಂಬ ಸಂಖ್ಯೆ ಕೊಟ್ಟರು. ಅದರಲ್ಲಿ ಎಲ್ಲಕ್ಕೂ ಅಳತೆಯಿತ್ತು: ಒಂದು ಕಡತದಲ್ಲಿ ಹೆಚ್ಚೆಂದರೆ 15 ಸುದ್ದಿ, ಶೀರ್ಷಿಕೆಗೆ 100 ಅಕ್ಷರ, ವಿವರಣೆಗೆ 500. ಮುಖಪುಟದ ಮೂಲೆಯಲ್ಲಿ ಕೂರುವ ಡಬ್ಬಿಗೆ ಅಷ್ಟು ಸಾಕು ಎಂಬ ಲೆಕ್ಕ.

ಅಷ್ಟರಲ್ಲಿ ನೆಟ್‌ಸ್ಕೇಪ್ ಎಒಎಲ್ ಕಂಪನಿಯ ಪಾಲಾಗಿತ್ತು. ಹೊಸ ಒಡೆಯರಿಗೆ ಈ ಕಡತದಲ್ಲಿ ಆಸಕ್ತಿ ಇರಲಿಲ್ಲ. 2001ರಲ್ಲಿ ಮೈ ನೆಟ್‌ಸ್ಕೇಪ್ ಆರ್‌ಎಸ್‌ಎಸ್‌ಗೆ ಕೊಟ್ಟಿದ್ದ ಜಾಗವನ್ನೂ ತೆಗೆದುಹಾಕಿತು. ಹುಟ್ಟಿದ ಮನೆಯಲ್ಲೇ ನೆಲೆ ತಪ್ಪಿದ ಈ ಕೂಸು ಬದುಕಿದ್ದು ಹೊರಗಿನವರ ಕೈಯಲ್ಲಿ. ಅವರಲ್ಲಿ ಮುಖ್ಯರು ಯೂಸರ್‌ಲ್ಯಾಂಡ್ ಸಂಸ್ಥೆಯ ಡೇವ್ ವೈನರ್. ತಮ್ಮ ಬರಹಗಳನ್ನು ಹಂಚಲು 1997ರಲ್ಲೇ ಇಂಥದೊಂದು ಕಡತ ಮಾಡಿಕೊಂಡಿದ್ದವರು ಅವರು.

2000ನೇ ಇಸವಿಯಲ್ಲಿ ಆರ್‌ಎಸ್‌ಎಸ್ ಲೋಕ ಎರಡು ಬಣವಾಯಿತು. ಯಾರು ಬೇಕಾದರೂ ನೋಟ್‌ಪ್ಯಾಡಿನಲ್ಲಿ ಬರೆಯುವಷ್ಟು ಇದು ಸರಳವಾಗಿರಲಿ ಎಂದು ವೈನರ್ ಬಣ. ನಾಳೆ ಯಾರಿಗೆ ಯಾವ ಮಾಹಿತಿ ಸೇರಿಸಬೇಕಾಗುತ್ತದೋ ಗೊತ್ತಿಲ್ಲ, ಅದಕ್ಕೆ ಈಗಲೇ ಜಾಗ ಬಿಡಿ ಎಂದು ಇನ್ನೊಂದು ಬಣ. ಎರಡನೆಯ ಬಣ ಡಿಸೆಂಬರಿನಲ್ಲಿ ಆರ್‌ಎಸ್‌ಎಸ್ 1.0 ತಂದಿತು. ಅದನ್ನು ರೂಪಿಸಿದವರ ಸಾಲಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹುಡುಗನಿದ್ದ, ವಯಸ್ಸು 14. ಮುಂದೆ ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕೆಂದು ಹೋರಾಡಿ, 2013ರಲ್ಲಿ 26ನೇ ವಯಸ್ಸಿಗೇ ತೀರಿಕೊಂಡ ಸ್ವಾರ್ಟ್ಜ್ ಇವನೇ.

ಜಗಳ ಬಹಳ ಕಹಿಯಾಗಿತ್ತು. ಆದರೆ 2002ರ ಸೆಪ್ಟೆಂಬರಿನಲ್ಲಿ ವೈನರ್ ಬಿಡುಗಡೆ ಮಾಡಿದ ಆರ್‌ಎಸ್‌ಎಸ್ 2.0 ನೋಡಿದರೆ ಎದುರು ಬಣದ ಮುಖ್ಯ ಬೇಡಿಕೆ ಅದರಲ್ಲಿ ಈಡೇರಿತ್ತು. ಸರಳತೆಯನ್ನು ಕೈಬಿಡದೆ, ನೇಮ್‌ಸ್ಪೇಸ್ ಎಂಬ ಸೌಲಭ್ಯಕ್ಕೆ ಅದು ಬಾಗಿಲು ತೆರೆಯಿತು. ನಿಮ್ಮದೇ ಮಾಹಿತಿ ಸೇರಿಸಬೇಕೆ? ಸೇರಿಸಿ, ಆದರೆ ನಿಮ್ಮ ಗುರುತಿನ ಹೆಸರನ್ನು ಮುಂದಿಡಿ. ಒಂದೇ ಹೆಸರಿನ ಇಬ್ಬರಿದ್ದರೆ ಊರ ಹೆಸರು ಸೇರಿಸಿ ಕರೆಯುವ ನಮ್ಮ ರೂಢಿಯಂತೆ, ಇಬ್ಬರು 'ಬೆಲೆ' ಎಂಬ ಒಂದೇ ಪಟ್ಟಿ (ಟ್ಯಾಗ್) ಬಳಸಿದರೂ ಯಾರ ಬೆಲೆ ಯಾವುದು ಎಂಬ ಗೊಂದಲ ಬಾರದು. ಗುರುತು ಅರಿಯದ ಓದುತಂತ್ರಾಂಶ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಅರಿತದ್ದು ಬಳಸಿಕೊಳ್ಳುತ್ತದೆ.

ಇದರ ಜೊತೆಗೆ ಇನ್ನೊಂದು ಸಣ್ಣ ಪಟ್ಟಿಯೂ ಬಂತು, ಜಿಯುಐಡಿ. ಪ್ರತಿ ಸುದ್ದಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು. ಶೀರ್ಷಿಕೆ ತಿದ್ದಿದರೂ, ಒಳಗಿನ ಮಾತು ಬದಲಾದರೂ ಇದು ಬದಲಾಗದು. ನೇಮ್‌ಸ್ಪೇಸ್ ಮತ್ತು ಜಿಯುಐಡಿ ಇಲ್ಲದಿದ್ದರೆ ಇವತ್ತಿನ ಫೀಡ್ ಆಮದು ಈ ರೂಪದಲ್ಲಿ ಬೆಳೆಯುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2003ರಲ್ಲಿ ವೈನರ್ ಈ ಮಾನಕದ ಹಕ್ಕನ್ನು ಹಾರ್ವರ್ಡ್‌ನ ಬರ್ಕ್‌ಮನ್ ಕೇಂದ್ರಕ್ಕೆ ಒಪ್ಪಿಸಿದರು. ಅದೇ ವರ್ಷ ಸ್ಯಾಮ್ ರೂಬಿ ಮೊದಲಾದವರು ಆ್ಯಟಮ್ ಎಂಬ ಇನ್ನೊಂದು ಮಾದರಿಯ ಕೆಲಸ ಆರಂಭಿಸಿದರು, 2005ರಲ್ಲಿ ಅದೂ ಮಾನಕವಾಯಿತು. ಪ್ಲಗಿನ್ ಬರೆಯುವವರು ಎರಡನ್ನೂ ಓದಲೇಬೇಕಾಯಿತು.

ಆರ್‌ಎಸ್‌ಎಸ್‌ನಲ್ಲಿ ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಧ್ವನಿಕಡತ ಸೇರಿಸಲು ಇದ್ದ ಪಟ್ಟಿಯಿಂದ ಪಾಡ್‌ಕಾಸ್ಟ್ ಹುಟ್ಟಿತು. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್ ಗುರುತಿನಡಿ ಪಾಡ್‌ಕಾಸ್ಟಿನ ಲೇಖಕ, ವರ್ಗ, ಚಿತ್ರಗಳಿಗೆ ಪಟ್ಟಿಗಳನ್ನು ಸೇರಿಸಿತು. ಯಾಹೂ ಚಿತ್ರ, ವಿಡಿಯೊಗಳಿಗೆ ಅಂಥವೇ ಪಟ್ಟಿಗಳನ್ನು ಮಾಡಿತು. ಗೂಗಲ್ ಸರಕಿನ ಬೆಲೆ, ಸ್ಥಿತಿ, ಬ್ರ್ಯಾಂಡ್ ಹೇಳುವ ಪಟ್ಟಿಗಳನ್ನು ತಂದಿತು. ಸುದ್ದಿ ಶೀರ್ಷಿಕೆ ಸಾಗಿಸಲೆಂದು ಮಾಡಿದ ಕಡತದಲ್ಲಿ ಮನೆ ಬಾಡಿಗೆ, ಉದ್ಯೋಗ, ಭೂಕಂಪದ ತೀವ್ರತೆ, ಅಂಗಡಿಯ ದಾಸ್ತಾನು ಎಲ್ಲವೂ ಓಡಾಡತೊಡಗಿದವು.

ಇನ್ನು ಈ ಫೀಡುಗಳನ್ನು ಬರಮಾಡಿಕೊಳ್ಳುವ ಕಡೆಯ ಕಥೆ. ಬ್ಲಾಗ್ ನಡೆಸುವ ಬಿ2 ಎಂಬ ಮುಕ್ತ ತಂತ್ರಾಂಶದ ಕೆಲಸ ನಿಂತಾಗ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಕೈಗೆತ್ತಿಕೊಂಡು 2003ರ ಮೇ 27ರಂದು ವರ್ಡ್‌ಪ್ರೆಸ್ ಹೊರತಂದರು. ಹೊಸದೇನಾದರೂ ಬೇಕೆಂದರೆ ಅದರ ಕಡತಗಳನ್ನೇ ತಿದ್ದಬೇಕಿತ್ತು, ಮುಂದಿನ ಆವೃತ್ತಿ ಹಾಕಿದ ಕೂಡಲೇ ತಿದ್ದಿದ್ದೆಲ್ಲ ಅಳಿಸಿಹೋಗುತ್ತಿತ್ತು. 2004ರ ಮೇ ತಿಂಗಳ 1.2 ಆವೃತ್ತಿ ಇದಕ್ಕೆ ಮದ್ದು ತಂದಿತು. ಹೊರಗಿನ ತುಣುಕನ್ನು ಸಿಕ್ಕಿಸಲು ಒಳಗೆ ಅಲ್ಲಲ್ಲಿ ಕೊಕ್ಕೆಗಳನ್ನು ಬಿಟ್ಟರು. ಮೂಲವನ್ನು ಮುಟ್ಟದೆ ಗುಣ ಸೇರಿಸುವ ಪ್ಲಗಿನ್ ಎಂಬುದು ವರ್ಡ್‌ಪ್ರೆಸ್ಸಿನಲ್ಲಿ ಶುರುವಾದದ್ದು ಹೀಗೆ. ಬೇರೆ ತಾಣದ ಫೀಡನ್ನು ತಂದು ತನ್ನ ಬರಹವಾಗಿ ಮಾಡುವ ಫೀಡ್‌ವರ್ಡ್‌ಪ್ರೆಸ್‌ನಂಥವು ಆಮೇಲೆ ಬಂದವು. 2010ರ 3.0 ಆವೃತ್ತಿಯಲ್ಲಿ ಬರಹ, ಪುಟಗಳಲ್ಲದೆ ನಿಮ್ಮದೇ ಬಗೆಯನ್ನು ಸಲೀಸಾಗಿ ಮಾಡಿಕೊಳ್ಳುವ ಅವಕಾಶ ಸಿಕ್ಕಿತು. ಆಗ 'ಧಾರಣೆ' ಎಂಬುದೇ ಒಂದು ಬಗೆಯಾಗಬಹುದು, ಅದಕ್ಕೆ ಮಾರುಕಟ್ಟೆ, ದಿನಾಂಕ, ದರ ಎಂಬ ಕಸ್ಟಮ್ ಫೀಲ್ಡ್‌ಗಳು, ಅಂದರೆ ನಾವೇ ಮಾಡಿಕೊಂಡ ಖಾನೆಗಳು ಇರಬಹುದು.

ಗಮನಿಸಬೇಕಾದ ಮಾತೊಂದಿದೆ. ವರ್ಡ್‌ಪ್ರೆಸ್ ತಾಣವೊಂದನ್ನು ಇನ್ನೊಂದು ಕಡೆ ಸಾಗಿಸಲು ಅದು ಕೊಡುವ ಕಡತ ತೆರೆದು ನೋಡಿ. ಅದು ಆರ್‌ಎಸ್‌ಎಸ್ 2.0 ಕಡತವೇ! ವರ್ಡ್‌ಪ್ರೆಸ್ಸಿಗೆ ಬೇಕಾದ ಹೆಚ್ಚಿನ ಪಟ್ಟಿಗಳು ತಮ್ಮ ಗುರುತಿನೊಂದಿಗೆ ಅದರೊಳಗೆ ಕೂತಿವೆ. ವರ್ಷಗಟ್ಟಲೆ ಬರೆದದ್ದು, ಪ್ರತಿಕ್ರಿಯೆ ಸಮೇತ, 2002ರಲ್ಲಿ ಬಿಟ್ಟ ಆ ಜಾಗದಲ್ಲಿ ಪಯಣಿಸುತ್ತದೆ.

ಮತ್ತೆ ಅಡಿಕೆಗೆ ಬರೋಣ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ 2000ದಿಂದ ಮಾರುಕಟ್ಟೆ ದರಗಳನ್ನು ಸಂಗ್ರಹಿಸುತ್ತ ಬಂದಿದೆ. 2012ರಲ್ಲಿ ಆರಂಭವಾದ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಆ ದೈನಿಕ ದರಗಳು ಯಂತ್ರ ಓದುವ ರೂಪದಲ್ಲಿ ಸಿಗುತ್ತವೆ. ಇದು ಅಪ್ಪಟ ಆರ್‌ಎಸ್‌ಎಸ್ ಅಲ್ಲ, ಎಕ್ಸ್‌ಎಂಎಲ್ ಮತ್ತು ಜೇಸನ್ ರೂಪದ ಬರಿಯ ಸಾಲುಗಳು. ಪ್ರತಿ ಸಾಲಿನಲ್ಲಿ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ಬಗೆ, ದರ್ಜೆ, ಆವಕವಾದ ದಿನ, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ (ಹೆಚ್ಚು ವಹಿವಾಟು ನಡೆದ ದರ) ಇರುತ್ತವೆ. ಆಮದು ಮಾಡುವ ಪ್ಲಗಿನ್ ಇವನ್ನು ಒಂದು ಕಡೆ ಸಾಲಾಗಿ ತೋರಿಸುತ್ತದೆ, ಇನ್ನೊಂದು ಕಡೆ ನಿಮ್ಮ ಬರಹದ ಶೀರ್ಷಿಕೆ, ಒಡಲು, ವರ್ಗ, ಕಸ್ಟಮ್ ಫೀಲ್ಡ್‌ಗಳು. ಯಾವುದು ಎಲ್ಲಿಗೆ ಹೋಗಬೇಕೆಂದು ನೀವು ಹೊಂದಿಸಿ ಕೊಡಬೇಕು. ಮಾರುಕಟ್ಟೆಯೂ ಬಗೆಯೂ ಸೇರಿ ಶೀರ್ಷಿಕೆ, ಜಿಲ್ಲೆ ವರ್ಗ, ದರ ಫೀಲ್ಡು.

ಇಲ್ಲಿ ಜಿಯುಐಡಿ ಇಲ್ಲ. ಹಾಗಾಗಿ ಗುರುತನ್ನು ನಾವೇ ಕಟ್ಟಬೇಕು: ಮಾರುಕಟ್ಟೆ, ಸರಕು, ಬಗೆ, ದರ್ಜೆ, ದಿನಾಂಕ ಐದನ್ನೂ ಸೇರಿಸಿ. ದಿನಾಂಕ ಬಿಟ್ಟರೆ ಇಂದಿನ ದರ ನಿನ್ನೆಯದರ ಮೇಲೆ ಕೂತು ಹಳೆಯದು ಕಾಣೆಯಾಗುತ್ತದೆ. ದರವನ್ನೇ ಗುರುತಿನಲ್ಲಿ ಸೇರಿಸಿದರೆ, ಅಂಕಿ ತಿದ್ದುಪಡಿಯಾದಾಗ ಒಂದೇ ದಿನಕ್ಕೆ ಎರಡು ಬರಹ ಏಳುತ್ತವೆ. ಫೀಡ್ ಆಮದಿನಲ್ಲಿ ಇಷ್ಟು ಮುಖ್ಯವಾದ ತೀರ್ಮಾನ ಇನ್ನೊಂದಿಲ್ಲ, ಆದರೂ ಅವಸರದಲ್ಲಿ ಇದನ್ನೇ ದಾಟಿ ಹೋಗುವವರು ಹೆಚ್ಚು. ಇನ್ನೊಂದು, ವರ್ಡ್‌ಪ್ರೆಸ್ಸಿನ ಸಮಯಪಾಲಕ ತಾನಾಗಿ ಏಳುವುದಿಲ್ಲ. ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಬಾಕಿ ಕೆಲಸ ನೋಡುತ್ತದೆ. ಓದುಗರು ಕಡಿಮೆಯಿರುವ ತಾಣದಲ್ಲಿ ಬೆಳಗಿನ ದರ ಸಂಜೆ ಕಂಡರೆ ಕಾರಣ ಇದೇ. ಸರ್ವರಿನದೇ ಸಮಯಪಾಲಕವಾದ ಕ್ರಾನ್‌ಗೆ ಕೆಲಸ ಒಪ್ಪಿಸುವುದು ಇದಕ್ಕೆ ಪರಿಹಾರ.

ಕನ್ನಡಕ್ಕೆ ಬಂದರೆ ಬೇರೆಯದೇ ತೊಡಕುಗಳಿವೆ, ಇವುಗಳ ಬಗ್ಗೆ ಬರೆದವರು ಕಡಿಮೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಬರಹದ ವಿಳಾಸ ಮಾಡುತ್ತದೆ, ಅದಕ್ಕೆ 200 ಚಿಹ್ನೆಗಳ ಮಿತಿಯಿದೆ. ಇಂಗ್ಲಿಷ್ ಅಕ್ಷರ ಅಲ್ಲಿ ಒಂದಾಗಿ ಎಣಿಕೆಯಾಗುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟು, ವಿಳಾಸದಲ್ಲಿ ಒಂದೊಂದು ಬೈಟಿಗೆ ಮೂರು ಚಿಹ್ನೆ, ಅಲ್ಲಿಗೆ ಒಂಬತ್ತು. ಗುಣಿತ, ಒತ್ತುಗಳಿಗೂ ಪ್ರತ್ಯೇಕ ಲೆಕ್ಕ. ಒಟ್ಟು 22 ಸಂಕೇತಕ್ಕೆ ಜಾಗ ಮುಗಿಯಿತು. 'ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ ಅಡಿಕೆ ಧಾರಣೆ' ಎಂಬ ಶೀರ್ಷಿಕೆ ಕೊಟ್ಟು ನೋಡಿ. ಮೊದಲ ಎರಡು ಪದಗಳಿಗೇ 22 ಮುಗಿದು ವಿಳಾಸ ಅಲ್ಲಿಗೆ ತುಂಡಾಗುತ್ತದೆ. ಬೆಟ್ಟೆಯ ಬರಹಕ್ಕೂ ಅದೇ ವಿಳಾಸ ಬೇಕು. ವರ್ಡ್‌ಪ್ರೆಸ್ ಕೊನೆಗೆ 2 ಸೇರಿಸಹೋಗಿ, ಜಾಗ ಸಾಲದೆ ಇನ್ನೊಂದು ಸಂಕೇತವನ್ನು, ಅಂದರೆ ಕೊನೆಯ ಗುಡಿಸನ್ನು ಕತ್ತರಿಸುತ್ತದೆ. ಉಳಿಯುವುದು 'ಶಿವಮೊಗ್ಗ-ಮಾರುಕಟ್ಟೆಯಲ್ಲ-2'. ವಿಳಾಸ ಕೆಲಸ ಮಾಡುತ್ತದೆ, ಅದನ್ನು ಓದಿದವರಿಗೆ ಮಾತ್ರ ಉಲ್ಟಾ ಅರ್ಥ. ಆಮದಿನ ವೇಳೆ ವಿಳಾಸಕ್ಕೆ ಇಂಗ್ಲಿಷ್ ಲಿಪಿಯ ಚಿಕ್ಕ ಹೆಸರು ಮತ್ತು ದಿನಾಂಕ ಹೊಂದಿಸುವುದೇ ಸರಿ.

ಕಣ್ಣಿಗೆ ಕಾಣದ ಸಂಕೇತವೊಂದೂ ತೊಂದರೆ ಕೊಡುತ್ತದೆ. 'ಸಾಫ್ಟ್‌ವೇರ್' ಎಂದು ಬಿಡಿಸಿ ಕಾಣಿಸಲು ನಡುವೆ ಶೂನ್ಯ ಅಗಲದ ಒಂದು ಸಂಕೇತ ಬೇಕು. ಕಸ ಎಂದು ತಿಳಿದು ಅದನ್ನು ಗುಡಿಸಿಹಾಕುವ ಕೋಡಿನ ಕೈಗೆ ಸಿಕ್ಕರೆ ಆ ಪದ 'ಸಾಫ್ಟ್ವೇರ್' ಆಗಿ ಹೊರಬರುತ್ತದೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರದಲ್ಲಿರುವ ಮಾಹಿತಿಯನ್ನಂತೂ ಯುನಿಕೋಡಿಗೆ ಪರಿವರ್ತಿಸದೆ ಫೀಡಿಗೆ ಹಾಕುವಂತೆಯೇ ಇಲ್ಲ. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಸರ್ಕಾರದ ದರಪಟ್ಟಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಲ್ಲ ಇಂಗ್ಲಿಷ್ ಲಿಪಿಯಲ್ಲೇ ಬರುತ್ತವೆ. ಅವನ್ನು ಕನ್ನಡಕ್ಕೆ ತಿರುಗಿಸಲು ಒಂದು ಹೊಂದಾಣಿಕೆ ಪಟ್ಟಿ ಬೇಕು, ಅದನ್ನು ಮಾರುಕಟ್ಟೆ ಬಲ್ಲವರೇ ಮಾಡಬೇಕು. ಇಲ್ಲಿ ಯಂತ್ರಾನುವಾದವನ್ನು ನಂಬಬಾರದು.

ಆಮದು ಸುಲಭವಾದದ್ದರ ಕೆಟ್ಟ ಮುಖವನ್ನೂ ಹೇಳಲೇಬೇಕು. 2005ರ ಹೊತ್ತಿಗೇ ಬೇರೆಯವರ ಫೀಡ್ ಎಳೆದು, ಮೂಲದ ಕೊಂಡಿ ಅಳಿಸಿ, ಜಾಹೀರಾತು ಹಚ್ಚಿ ದುಡ್ಡು ಮಾಡುವ ಕಳ್ಳ ತಾಣಗಳು ಹುಟ್ಟಿಕೊಂಡವು. ಫೀಡು ತನ್ನ ಮೂಲದ ಕೊಂಡಿಯನ್ನು ಜೊತೆಗೇ ಹೊತ್ತು ಬರುತ್ತದೆ. ಅದನ್ನು ಕಿತ್ತೆಸೆಯುವುದು ಮಾಡುವವನ ಆಯ್ಕೆ, ತಂತ್ರಜ್ಞಾನದ ತಪ್ಪಲ್ಲ. ಬರೆದವರ ಅನುಮತಿ ಇಲ್ಲದೆ ಇಡೀ ಬರಹ ತರುವುದು ತಪ್ಪೇ, ಪ್ಲಗಿನ್ ಬಿಟ್ಟುಕೊಟ್ಟಿತು ಎಂಬುದು ಸಮಜಾಯಿಷಿ ಆಗಲಾರದು.

2013ರ ಜುಲೈ 1ರಂದು ಗೂಗಲ್ ಫೀಡ್ ಓದಲು ಕೊಟ್ಟಿದ್ದ ತನ್ನ ರೀಡರ್ ಮುಚ್ಚಿದಾಗ ಆರ್‌ಎಸ್‌ಎಸ್ ಸತ್ತಿತು ಎಂದವರು ಬಹಳ. ಸತ್ತಿಲ್ಲ. ಪಾಡ್‌ಕಾಸ್ಟ್‌ಗಳು ಇಂದಿಗೂ ಅದರ ಮೇಲೇ ನಡೆಯುತ್ತಿವೆ, ವರ್ಡ್‌ಪ್ರೆಸ್ ತಾಣವೊಂದನ್ನು ತೆರೆದ ಕ್ಷಣವೇ ಅದರ ಫೀಡೂ ಸಿದ್ಧವಿರುತ್ತದೆ. ಗುಹಾ ಮುಂದೆ ಗೂಗಲ್ ಸೇರಿ, ಪುಟದೊಳಗಿನ ಮಾಹಿತಿಗೆ ಅರ್ಥ ಹಚ್ಚುವ ಸ್ಕೀಮಾ ಡಾಟ್ ಆರ್ಗ್ ಯೋಜನೆಯನ್ನು 2011ರಲ್ಲಿ ಹೊರತರುವಲ್ಲಿ ಮುಂದಾಳಾದರು. 1995ರ ಯೋಚನೆಯನ್ನು ಅವರು ಕೈಬಿಟ್ಟಿರಲಿಲ್ಲ.

ಕನ್ನಡದಲ್ಲಿ ತಾಣ ನಡೆಸುವ ಸಂಸ್ಥೆಗಳಲ್ಲಿ, ಇಲಾಖೆಗಳಲ್ಲಿ, ಮಾರುಕಟ್ಟೆ ಸಮಿತಿಗಳಲ್ಲಿ ಒಂದು ಕೋರಿಕೆ. ದರ, ಮಳೆ, ಜಲಾಶಯದ ಮಟ್ಟ, ಪ್ರಕಟಣೆ ಯಾವುದೇ ಇರಲಿ, ಸ್ಕ್ಯಾನ್ ಮಾಡಿದ ಚಿತ್ರವಾಗಿ ಹಾಕಬೇಡಿ. ಚಿತ್ರವನ್ನು ಮನುಷ್ಯ ಮತ್ತೆ ಕೂತು ಟೈಪ್ ಮಾಡಬೇಕಾಗುತ್ತದೆ. ಯುನಿಕೋಡ್ ಕನ್ನಡದಲ್ಲಿ, ಪ್ರತಿ ಸಾಲಿಗೂ ಬದಲಾಗದ ಗುರುತು ಕೊಟ್ಟು, ಫೀಡಾಗಿ ಬಿಡಿ. ಅದನ್ನು ರೈತನ ಮೊಬೈಲಿಗೆ ತಲುಪಿಸುವ ಕೆಲಸವನ್ನು ಊರೂರಿನ ಉತ್ಸಾಹಿಗಳು ಮಾಡಿಕೊಳ್ಳುತ್ತಾರೆ.