ಹಿರೇಬೆಣಕಲ್: ಕಲ್ಲು ಎಬ್ಬಿಸಿದಲ್ಲಿ ನೀರು ನಿಂತ ಗುಡ್ಡ

ಗಂಗಾವತಿ ಎಂದರೆ ಭತ್ತದ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಷ್ಟು ದೂರವೂ ಗದ್ದೆಗಳ ಹಸಿರು. ಆದರೆ ಅದು ಸೇರಿರುವ ಕೊಪ್ಪಳ ಜಿಲ್ಲೆಯ ಬಹುಭಾಗ ಮಳೆಯನ್ನೇ ನಂಬಿದ ಒಣ ಎರೆ, ಮಸಾರಿ ನೆಲ. ವರ್ಷದ ಸರಾಸರಿ ಮಳೆ 600 ಮಿ.ಮೀ. ಕೂಡ ದಾಟುವುದಿಲ್ಲ. ಈ ಬಿಸಿಲ ನಾಡಿನಲ್ಲಿ ಗುಡ್ಡದ ನೆತ್ತಿಯ ಮೇಲೊಂದು ಕೆರೆ, ಅದರ ಸುತ್ತ ನೂರಾರು ಕಲ್ಲಿನ ಮನೆಗಳು. ಅದನ್ನು ನೋಡಬೇಕೆಂದರೆ ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ಲಿಗೆ ಹೋಗಬೇಕು. ಮುಂದಿನದೆಲ್ಲ ಕಾಲ್ನಡಿಗೆ.

ಊರಿನವರು ಈ ಗುಡ್ಡವನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ದಾರಿಯುದ್ದಕ್ಕೂ ಬಂಡೆಗಳದೇ ರಾಜ್ಯ. ಒಂದರ ಮೇಲೊಂದು ಕೂತ ಗುಂಡುಗಳ ನಡುವೆ ಕಿರಿದಾದ ಸಂದು, ಸಂದಿನಲ್ಲಿ ಜಾಲಿ, ಕಾರೆ, ಕವಳಿ ಗಿಡಗಳು. ಕೆಲವು ಕಲ್ಲಾಸರೆಗಳ ಒಳಗೋಡೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಮನುಷ್ಯರು, ಪ್ರಾಣಿಗಳು. ಇಲ್ಲಿ ನಿಂತು ನೋಡಬೇಕೇ ಹೊರತು ಮುಟ್ಟಬಾರದು; ಬೆರಳಿನ ಜಿಡ್ಡು ತಗುಲಿದರೂ ಬಣ್ಣಕ್ಕೆ ಕೇಡು.

ಮೇಲೆ ತಲುಪಿದಾಗ ಕಾಣುವುದು ಸತ್ತವರಿಗಾಗಿ ಕಟ್ಟಿದ ಊರು. ಚಿಕ್ಕವು ದೊಡ್ಡವು ಸೇರಿ ಸುಮಾರು 400 ಶಿಲಾ ಸಮಾಧಿಗಳು ಇಲ್ಲಿವೆ. ಕಾಲ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಎಂದು ಅಂದಾಜು. ಗಾರೆಯಿಲ್ಲ, ಸುಣ್ಣವಿಲ್ಲ. ಮೂರು ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೇಲೊಂದು ಭಾರೀ ಚಪ್ಪಡಿ ಹೊದಿಸಿದ್ದಾರೆ. ಕೆಲವು ಹತ್ತಡಿಯಷ್ಟು ಎತ್ತರ. ಹಲವುಗಳ ಗೋಡೆಯಲ್ಲಿ ದುಂಡನೆಯ ಕಂಡಿ ಕೊರೆದಿದ್ದಾರೆ. ಇಲ್ಲಿ ಮೋರ್ಯರೆಂಬ ಕುಳ್ಳ ಜನ ಬಾಳಿದ್ದರೆಂಬ ನಂಬಿಕೆ ಸುತ್ತಲ ಹಳ್ಳಿಗಳಲ್ಲಿ ಇಂದಿಗೂ ಇದೆ. ಮನೆಗಳಂತೆಯೇ ಕಾಣುವ ಇವನ್ನು ನೋಡಿದರೆ ಆ ನಂಬಿಕೆ ಹುಟ್ಟಿದ್ದು ಸಹಜವೆನಿಸುತ್ತದೆ.

ಇಷ್ಟು ಕಲ್ಲು ಎಲ್ಲಿಂದ ಬಂತು? ಉತ್ತರ ಪಕ್ಕದಲ್ಲೇ ಇರುವ ಕೆರೆ. ಇಲ್ಲಿನ ಕಣಶಿಲೆ ಪದರು ಪದರಾಗಿ ಏಳುತ್ತದೆ. ಚಪ್ಪಡಿ ಎಬ್ಬಿಸಿದ ಜಾಗ ತಗ್ಗಾಯಿತು, ತಗ್ಗಿನಲ್ಲಿ ಮಳೆನೀರು ನಿಂತಿತು. ಸತ್ತವರಿಗೆ ನೆರಳು ಕಟ್ಟಿದ ಕೆಲಸವೇ ಬದುಕಿರುವವರಿಗೆ ನೀರನ್ನೂ ಕೊಟ್ಟಿತು. ಈ ಗುಡ್ಡದ ನಿಜವಾದ ಅಚ್ಚರಿ ಇದೇ. ಕಲ್ಲನ್ನೂ ನೀರನ್ನೂ ಒಂದೇ ಕೆಲಸದಲ್ಲಿ ಬಳಸಿಕೊಂಡ ಆ ಜನರ ಜಾಣ್ಮೆಗೆ ತಲೆಬಾಗಲೇಬೇಕು.

ಕೆರೆಯಿಂದ ಸ್ವಲ್ಪ ದೂರದಲ್ಲಿ, ಬಂಡೆಯ ಮೇಲೆ ಆಳೆತ್ತರದ ಅರೆಗೋಳಾಕಾರದ ಕಲ್ಲೊಂದಿದೆ; ಅದೇ ಕಲ್ಲಿನ ನಗಾರಿ. ಬಡಿದರೆ ಅದರ ಸದ್ದು ಒಂದು ಕಿಲೋಮೀಟರಿನವರೆಗೂ ಕೇಳುತ್ತದಂತೆ.

19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸಮಾಧಿಗಳ ಬಗ್ಗೆ ಬರೆದರು. ನಮ್ಮವರೇ ಆದ ಪುರಾತತ್ವಜ್ಞ ಅ. ಸುಂದರ ಅವರು ದಕ್ಷಿಣ ಭಾರತದ ಶಿಲಾ ಸಮಾಧಿಗಳ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿದರು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಆದರೂ ಹಂಪಿಗೆ ಬರುವವರಲ್ಲಿ ತುಂಗಭದ್ರಾ ನದಿ ದಾಟಿ ಇಲ್ಲಿಯವರೆಗೆ ಬರುವವರು ಕಡಿಮೆ.

ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಇಳಿದು, ಆನೆಗುಂದಿ ಬಳಿಯ ಪಂಪಾ ಸರೋವರ, ಅಂಜನಾದ್ರಿ ನೋಡಬಹುದು. ಮಳೆಗಾಲದಲ್ಲಾದರೆ ಕುಷ್ಟಗಿ ತಾಲ್ಲೂಕಿನ ಕಬ್ಬರಗಿ ಹತ್ತಿರದ ಕಪಿಲತೀರ್ಥ ಜಲಪಾತಕ್ಕೆ ಬೇರೊಂದು ದಿನ ಮೀಸಲಿಡಿ. ಚಾಲುಕ್ಯ ಶಿಲ್ಪಕಲೆ ಇಷ್ಟಪಡುವವರಿಗೆ 1112ರಲ್ಲಿ ಕಟ್ಟಿದ, ಇದೇ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವಿದೆ.

ಹಿರೇಬೆಣಕಲ್ಲಿಗೆ ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಗಂಗಾವತಿ, ಕೊಪ್ಪಳ ಎರಡಕ್ಕೂ ರೈಲು, ಬಸ್ಸು ಇವೆ. ಕುಡಿಯುವ ನೀರು, ಬುತ್ತಿ ಜೊತೆಗಿರಲಿ. ಗುಡ್ಡದ ಮೇಲೆ ಅಂಗಡಿಗಳಿಲ್ಲ. ಈ ಗುಡ್ಡಗಾಡಿನಲ್ಲಿ ಕರಡಿ, ಚಿರತೆಗಳಿರುವುದರಿಂದ ದಾರಿ ಬಲ್ಲ ಊರಿನವರನ್ನು ಕರೆದುಕೊಂಡೇ ಹೋಗಿ, ಹೊತ್ತು ಮುಳುಗುವ ಮೊದಲೇ ಇಳಿಯಿರಿ. ಸಮಾಧಿಯ ಚಪ್ಪಡಿ ಹತ್ತಬೇಡಿ, ಹೆಸರು ಗೀಚಬೇಡಿ. ಬಿದ್ದ ಚಪ್ಪಡಿಯನ್ನು ಮತ್ತೆ ನಿಲ್ಲಿಸುವುದು ದೊಡ್ಡ ಯಂತ್ರಗಳಿದ್ದರೂ ಸುಲಭವಲ್ಲ. ಯುನೆಸ್ಕೊ ಪಟ್ಟಿಗೆ ಸೇರಿಸಿದರೆ ಸಾಲದು. ದಾರಿಫಲಕ, ಕಾವಲುಗಾರರು, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳು ಬೇಕು. ಆಗ ಗುಡ್ಡವೂ ಉಳಿಯುತ್ತದೆ, ಊರಿನ ಯುವಕರಿಗೂ ಕೆಲಸ ಸಿಗುತ್ತದೆ.